ಮೂರು ನದಿಗಳ ನಾಟಕ

ಅಮೆರಿಕದ ಪೆನ್ಸಿಲ್ವೇನಿಯ ಸಂಸ್ಥಾನದಲ್ಲಿ ಪಿಟ್ಸ್‌ಬರ್ಗ್ ಎಂಬ ನಗರವಿದೆ. ಈಶಾನ್ಯದ ಕಡೆಯಿಂದ ಅಲಿಗೇನಿ ನದಿಯೂ ದಕ್ಷಿಣದ ಕಡೆಯಿಂದ ಮನಾಂಗಹೀಲ ನದಿಯೂ ಹರಿದುಬಂದು, ಆ ಊರಿನಲ್ಲಿ ಒಂದನ್ನೊಂದು ಕೂಡಿ, ಅಲ್ಲಿಂದ ಮುಂದಕ್ಕೆ ಒಹೈಯೊ ಎಂಬ ಮೂರನೆಯ ಹೆಸರಿನಿಂದ ಸಾಗುತ್ತವೆ. ನಮ್ಮ ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಸೇರಿ ತುಂಗಭದ್ರೆಯಾಗುವುದನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಒಂದು ಕಾಲಕ್ಕೆ ಉಕ್ಕಿನ ಕಾರ್ಖಾನೆಗಳಿಗೆ ಹೆಸರಾಗಿದ್ದ ಈ ಊರು ಕಳೆದ ಶತಮಾನದ ಕೊನೆಯ ಭಾಗದಲ್ಲಿ ಬೇರೊಂದು ವಿದ್ಯೆಗೆ ಲೋಕಪ್ರಸಿದ್ಧವಾಯಿತು. ಒಬ್ಬರ ದೇಹದಿಂದ ಅವಯವವನ್ನು ತೆಗೆದು ಇನ್ನೊಬ್ಬರ ದೇಹದಲ್ಲಿ ನೆಲೆಗೊಳಿಸುವ ಅಂಗಾಂಗ ಕಸಿಯೇ ಆ ವಿದ್ಯೆ. ಸಿಬಿಎಸ್ ಎಂಬ ಅಮೆರಿಕದ ಟೆಲಿವಿಷನ್ ಸಂಸ್ಥೆ ಕಸಿವೈದ್ಯರನ್ನೇ ಪಾತ್ರಗಳನ್ನಾಗಿ ಮಾಡಿ ಒಂದು ವಾರದ ಧಾರಾವಾಹಿಯನ್ನು ಹೊರತಂದಾಗ ಕಥೆಯನ್ನು ಈ ಊರಿನಲ್ಲಿಯೇ ನಡೆಸಿ, ನದಿಗಳ ಲೆಕ್ಕ ಹಿಡಿದು ಅದಕ್ಕೆ ‘ತ್ರೀ ರಿವರ್ಸ್’ ಎಂದು ಹೆಸರಿಟ್ಟಿತು.

ಅದರ ಆಯುಸ್ಸನ್ನು ಎರಡು ಮಾತಿನಲ್ಲಿ ಹೇಳಿಬಿಡಬಹುದು. ೨೦೦೯ರ ಅಕ್ಟೋಬರ್ ೪ನೆಯ ತಾರೀಖು ಭಾನುವಾರ ರಾತ್ರಿ ಮೊದಲ ಕಂತು ಪ್ರಸಾರವಾಯಿತು. ಎಂಟು ಕಂತುಗಳಾಗುವ ಹೊತ್ತಿಗೆ, ಅದೇ ನವೆಂಬರ್ ೩೦ರಂದು, ಸಂಸ್ಥೆಯವರು ಅದನ್ನು ನಿಲ್ಲಿಸಿಬಿಟ್ಟರು. ತಯಾರಾಗಿ ಉಳಿದಿದ್ದ ಐದು ಕಂತುಗಳನ್ನು ೨೦೧೦ರ ಬೇಸಗೆಯಲ್ಲಿ, ಜನ ಟೆಲಿವಿಷನ್ನಿನ ಮುಂದೆ ಅಷ್ಟಾಗಿ ಕೂರದ ಶನಿವಾರಗಳಲ್ಲಿ, ಹಾಕಿ ಮುಗಿಸಿದರು. ಒಟ್ಟು ಹದಿಮೂರು ಕಂತು. ಹದಿನೈದು ವರ್ಷ ನಡೆದ ‘ಇ.ಆರ್.’ ಎಂಬ ಆಸ್ಪತ್ರೆಯ ಧಾರಾವಾಹಿ ಅದೇ ೨೦೦೯ರ ಏಪ್ರಿಲ್‌ನಲ್ಲಿ ತಾನಾಗಿಯೇ ಮುಗಿದಿತ್ತೆಂಬುದನ್ನು ನೆನೆದರೆ ಇದು ಎಷ್ಟು ಅಲ್ಪಾಯುವೆಂಬುದು ತಿಳಿಯುತ್ತದೆ.

ಹೀಗೆ ಬೇಗನೆ ಬಾಡಿದ ಪೈರನ್ನು ಕುರಿತು ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಬರೆಯುವುದೇಕೆ ಎಂದು ವಾಚಕರು ಕೇಳಬಹುದು. ಕಾರಣ ಸರಳ. ನನ್ನ ಸೋದರಮಾವನವರಿಗೆ ಎರಡು ಮೂತ್ರಪಿಂಡಗಳೂ ಕೈಕೊಟ್ಟು ಮೂರು ವರ್ಷವಾಯಿತು. ವಾರಕ್ಕೆರಡು ಸಲ ಡಯಾಲಿಸಿಸ್ ಯಂತ್ರದ ಪಕ್ಕ ನಾಲ್ಕು ನಾಲ್ಕು ಗಂಟೆ ಮಲಗಿ ಬರುತ್ತಾರೆ. ಮನೆಯವರಲ್ಲಿ ಕೊಡಲು ಮುಂದೆ ಬಂದ ನನ್ನ ತಾಯಿಗೂ ಅತ್ತೆಗೂ ಸಕ್ಕರೆ ಕಾಯಿಲೆ; ವೈದ್ಯರು ಬೇಡವೆಂದರು. ಮಾವನವರ ಹೆಸರು ಈಗ ಸರ್ಕಾರದ ಕಾಯುವವರ ಪಟ್ಟಿಯಲ್ಲಿದೆ. ಆದಕಾರಣ ಕಸಿಯ ವಿಷಯ ಎಲ್ಲಿ ಬಂದರೂ ನಮ್ಮ ಮನೆಯಲ್ಲಿ ಕಿವಿ ನಿಗುರುತ್ತದೆ. ಕಳೆದ ರಜೆಯಲ್ಲಿ ನಾನು ಈ ಧಾರಾವಾಹಿಯ ಕಂತುಗಳನ್ನು ಗಣಕಯಂತ್ರದಲ್ಲಿ ನೋಡುತ್ತಿದ್ದಾಗ ಅಜ್ಜಿಯೂ ಬಂದು ಪಕ್ಕದಲ್ಲಿ ಕುಳಿತರು. ಇಂಗ್ಲಿಷು ಅವರಿಗೆ ಬಾರದು. ನಾನು ಹೇಳುತ್ತಿದ್ದೆ, ಅವರು ನೋಡುತ್ತಿದ್ದರು.

ನಾಟಕದ ರಚನೆಯಲ್ಲಿ ಒಂದು ವಿಶೇಷವಿದೆ. ಸಾಮಾನ್ಯವಾಗಿ ಆಸ್ಪತ್ರೆಯ ಕಥೆಗಳಲ್ಲಿ ವೈದ್ಯನೊಬ್ಬ, ರೋಗಿಯೊಬ್ಬ. ಇಬ್ಬರ ನಡುವಿನ ಹಗ್ಗಜಗ್ಗಾಟವೇ ಕಥೆ. ಇಲ್ಲಿ ಮೂರು ಎಳೆಗಳು. ಅವಯವಕ್ಕಾಗಿ ಕಾದಿರುವ ರೋಗಿಯದೊಂದು, ಕಸಿ ಮಾಡುವ ವೈದ್ಯರದೊಂದು, ದಾನಿಯದೊಂದು. ದಾನಿ ಎಂದರೆ ಕಥೆ ಆರಂಭವಾಗುವಾಗ ನಮ್ಮ ನಿಮ್ಮ ಹಾಗೆ ಓಡಾಡಿಕೊಂಡಿರುವ ಮನುಷ್ಯ. ಸ್ವಲ್ಪ ಹೊತ್ತಿನಲ್ಲಿ ಸಾಯುವವನು. ಮೂರು ನದಿಗಳೆಂಬ ಹೆಸರಿಗೆ ಈ ಎರಡನೆಯ ಅರ್ಥವೂ ಇದೆ. ಮುಖ್ಯ ಶಸ್ತ್ರವೈದ್ಯ ಆ್ಯಂಡಿ ಯಬ್ಲಾನ್‌ಸ್ಕಿಯ ಪಾತ್ರವನ್ನು ಆಸ್ಟ್ರೇಲಿಯದ ನಟ ಅಲೆಕ್ಸ್ ಓಲಾಫ್ಲಿನ್ ವಹಿಸಿದ. ಕಸಿ ವಿಭಾಗದ ಮುಖ್ಯಸ್ಥೆಯಾಗಿ ಆಲ್ಫ್ರಿ ವುಡರ್ಡ್ ಎಂಬ ನುರಿತ ನಟಿ ಇದ್ದಳು. ಅವಯವಗಳನ್ನು ಹೊಂದಿಸಿ ತರಿಸುವ ಸಂಯೋಜಕನಾಗಿ ಕೆಲಸಕ್ಕೆ ಹೊಸದಾಗಿ ಸೇರಿದ ರಯಾನ್ ಎಂಬ ತರುಣನೊಬ್ಬನಿದ್ದಾನೆ. ನನ್ನ ದೃಷ್ಟಿಯಲ್ಲಿ ನಾಟಕದಲ್ಲಿ ಎಲ್ಲರಿಗಿಂತ ಉಪಯುಕ್ತವಾದ ಪಾತ್ರ ಅವನದೇ. ಏನೂ ತಿಳಿಯದ ಅವನಿಗೆ ಇತರರು ಹೇಳಿಕೊಡುವ ನೆಪದಲ್ಲಿ ನಮಗೂ ನಾಲ್ಕು ವಿಷಯ ತಿಳಿಯುತ್ತದೆ.

ಪಿಟ್ಸ್‌ಬರ್ಗನ್ನೇ ಆರಿಸಿದ್ದು ಯೋಗ್ಯವಾಗಿತ್ತು. ಥಾಮಸ್ ಸ್ಟಾರ್ಜಲ್ ಎಂಬ ಶಸ್ತ್ರವೈದ್ಯರು ೧೯೬೩ರಲ್ಲಿ ಡೆನ್ವರ್ ನಗರದಲ್ಲಿ ಮನುಷ್ಯನ ಯಕೃತ್ತನ್ನು, ಅಂದರೆ ಲಿವರನ್ನು, ಕಸಿ ಮಾಡುವ ಪ್ರಥಮ ಪ್ರಯತ್ನ ಮಾಡಿದರು. ರೋಗಿ ಮೂರು ವರ್ಷದ ಮಗು. ರಕ್ತಸ್ರಾವ ನಿಲ್ಲದೆ ಶಸ್ತ್ರಕ್ರಿಯೆಯ ಮೇಜಿನ ಮೇಲೆಯೇ ತೀರಿಕೊಂಡಿತು. ಆಮೇಲಿನ ಕೆಲವು ರೋಗಿಗಳೂ ಬಹುಕಾಲ ಉಳಿಯಲಿಲ್ಲ. ಸ್ಟಾರ್ಜಲ್ ಕೆಲವು ವರ್ಷ ಅದನ್ನು ಕೈಬಿಟ್ಟು ಪ್ರಯೋಗಶಾಲೆಗೆ ಹಿಂದಿರುಗಿದರು. ೧೯೬೭ರಲ್ಲಿ ಮತ್ತೆ ಕೈಹಚ್ಚಿದಾಗ ಪುಟ್ಟ ಹುಡುಗಿಯೊಬ್ಬಳು ಒಂದು ವರ್ಷಕ್ಕೂ ಹೆಚ್ಚು ಕಾಲ ಬದುಕಿದಳು. ೧೯೮೧ರಲ್ಲಿ ಅವರು ಪಿಟ್ಸ್‌ಬರ್ಗಿಗೆ ಬಂದರು. ಕೆಲವೇ ವರ್ಷಗಳಲ್ಲಿ ಆ ಊರು ಜಗತ್ತಿನ ಅತಿ ದೊಡ್ಡ ಕಸಿ ಕೇಂದ್ರಗಳಲ್ಲಿ ಒಂದಾಯಿತು. ಇಷ್ಟು ಧೈರ್ಯವಂತರಾದ ಆ ಮನುಷ್ಯ ‘ದಿ ಪಜಲ್ ಪೀಪಲ್’ ಎಂಬ ತಮ್ಮ ಆತ್ಮಕಥೆಯಲ್ಲಿ (೧೯೯೨) ಪ್ರತಿ ಶಸ್ತ್ರಕ್ರಿಯೆಗೂ ಮುನ್ನ ತಮಗೆ ತೀವ್ರವಾದ ಅಂಜಿಕೆಯಾಗುತ್ತಿತ್ತೆಂದು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ನಾಟಕದ ಯಬ್ಲಾನ್‌ಸ್ಕಿಗೆ ಆ ಅಂಜಿಕೆಯ ಒಂದಂಶವನ್ನಾದರೂ ಕೊಟ್ಟಿದ್ದರೆ ಅವನು ಇನ್ನಷ್ಟು ಮನುಷ್ಯನಾಗಿ ಕಾಣುತ್ತಿದ್ದನೇನೋ! ಅವನ ತಲೆಗೂದಲು ಕೂಡ ಎಂಥ ತುರ್ತಿನಲ್ಲೂ ಕೆದರುವುದಿಲ್ಲ.

ಈಗ ಅಜ್ಜಿಯ ಮಾತಿಗೆ ಬರುತ್ತೇನೆ. ದಾನಿಯನ್ನು ಹಾಸಿಗೆಯ ಮೇಲೆ ಮಲಗಿಸಿ, ಉಸಿರಾಟದ ಯಂತ್ರವನ್ನು ಹಚ್ಚಿ, ಮನೆಯವರು ಸುತ್ತ ನಿಂತಿರುವ ದೃಶ್ಯ ಬಂದಾಗ ಅವರು ಕೇಳಿದರು: “ಅಲ್ಲಪ್ಪ, ಆ ಹುಡುಗನ ಎದೆ ಮೇಲೂ ಕೆಳಗೂ ಆಡ್ತಾ ಇದೆ. ಸತ್ತ ಅಂತ ಅದು ಹ್ಯಾಗಪ್ಪ ಹೇಳ್ತಾರೆ?”

ಇದು ಅಜ್ಜಿಯೊಬ್ಬರ ಪ್ರಶ್ನೆಯಲ್ಲ. ವಿದ್ಯಾವಂತರನೇಕರ ಮನಸ್ಸಿನಲ್ಲೂ ಇದೇ ಪ್ರಶ್ನೆ ಅಡಗಿದೆ. ನಾಟಕ ಇದಕ್ಕೆ ಕೊಡುವ ಉತ್ತರ ಅವಸರದ್ದು. ಆದಕಾರಣ ಇಲ್ಲಿ ಸ್ವಲ್ಪ ನಿಂತು ವಿವರಿಸುತ್ತೇನೆ. ಹೃದಯಕ್ಕೆ ತನ್ನದೇ ಆದ ಬಡಿತವಿದೆ. ಪ್ರಾಣವಾಯು ಸಿಗುತ್ತಿದ್ದರೆ ಮೆದುಳಿನ ಅಪ್ಪಣೆಯಿಲ್ಲದೆಯೂ ಅದು ಕೆಲವು ಕಾಲ ಬಡಿಯುತ್ತದೆ. ಉಸಿರಾಟ ಹಾಗಲ್ಲ. ಅದಕ್ಕೆ ಅಪ್ಪಣೆ ಮೆದುಳಿನ ಕಾಂಡದಿಂದ ಬರಬೇಕು. ತಲೆಗೆ ಭಾರಿ ಪೆಟ್ಟು ಬಿದ್ದೋ ಒಳಗೆ ರಕ್ತ ಹರಿದೋ ಮೆದುಳು ಊದಿಕೊಂಡರೆ, ಗಟ್ಟಿಯಾದ ತಲೆಬುರುಡೆಯೊಳಗೆ ಅದಕ್ಕೆ ಹಿಗ್ಗಲು ಎಡೆಯಿಲ್ಲ. ಒತ್ತಡ ಏರುತ್ತದೆ, ರಕ್ತ ಒಳಕ್ಕೆ ಹೋಗುವುದು ನಿಲ್ಲುತ್ತದೆ, ಮೆದುಳು ಸಾಯುತ್ತದೆ. ಆಗ ಎದೆ ಏರಿಳಿಯುತ್ತಿರುವುದು ಯಂತ್ರ ಗಾಳಿಯನ್ನು ಒತ್ತುತ್ತಿರುವುದರಿಂದ ಮಾತ್ರ. ಈ ಸ್ಥಿತಿಯನ್ನು ಮರಣವೆಂದೇ ಎಣಿಸಬೇಕೆಂದು ಹಾರ್ವರ್ಡ್ ವಿಶ್ವವಿದ್ಯಾನಿಲಯದ ಸಮಿತಿಯೊಂದು ೧೯೬೮ರಲ್ಲಿ ಲಕ್ಷಣಗಳ ಸಹಿತ ವಿವರಿಸಿತು. ಕಣ್ಣಿಗೆ ಬೆಳಕು ಬಿಟ್ಟರೆ ಪಾಪೆ ಕುಗ್ಗುವುದಿಲ್ಲ. ಗಂಟಲು ಕೆಣಕಿದರೆ ಕೆಮ್ಮು ಬರುವುದಿಲ್ಲ. ಯಂತ್ರವನ್ನು ಕಳಚಿ, ಪ್ರಾಣವಾಯುವನ್ನು ಮಾತ್ರ ಒದಗಿಸಿ, ರಕ್ತದಲ್ಲಿ ಇಂಗಾಲಾಮ್ಲ ಏರಲು ಬಿಟ್ಟರೂ ಒಂದು ಉಸಿರೂ ಏಳುವುದಿಲ್ಲ. ಭಾರತದಲ್ಲಿ ೧೯೯೪ರ ಮಾನವ ಅಂಗಾಂಗ ಕಸಿ ಕಾಯಿದೆಯ ಪ್ರಕಾರ ನಾಲ್ವರು ವೈದ್ಯರ ಮಂಡಲಿ ಈ ಪರೀಕ್ಷೆಗಳನ್ನು ಆರು ಗಂಟೆಗಳ ಅಂತರದಲ್ಲಿ ಎರಡು ಸಲ ನಡೆಸಿ ಸಹಿ ಹಾಕಬೇಕು. ಕಸಿ ಮಾಡುವ ವೈದ್ಯರು ಆ ಮಂಡಲಿಯಲ್ಲಿ ಇರಕೂಡದು.

ಇದು ಕೋಮಾ ಅಲ್ಲ. ಕೋಮಾದಲ್ಲಿರುವವನ ಮೆದುಳು ಜೀವಂತವಾಗಿದೆ, ಅವನು ಎದ್ದು ಬರಬಹುದು. ನಮ್ಮ ಕನ್ನಡ ಪತ್ರಿಕೆಗಳ ಬಗ್ಗೆ ಇಲ್ಲಿ ಒಂದು ಆಕ್ಷೇಪಣೆಯಿದೆ. ೨೦೨೧ರ ಜೂನ್‌ನಲ್ಲಿ ‘ನಾನು ಅವನಲ್ಲ ಅವಳು’ ಚಿತ್ರದ ನಟ ಸಂಚಾರಿ ವಿಜಯ್ ಅವರು ಬೈಕ್ ಅಪಘಾತದಲ್ಲಿ ತಲೆಗೆ ಪೆಟ್ಟಾಗಿ ತೀರಿಕೊಂಡು, ಮನೆಯವರು ಅವರ ಅವಯವಗಳನ್ನು ದಾನ ಮಾಡಿದರಷ್ಟೆ. ಆಗಲೂ, ಇಂಥ ಬೇರೆ ಸಂದರ್ಭಗಳಲ್ಲೂ, ಪತ್ರಿಕೆಗಳು ಬಳಸುವ ಮಾತು ‘ಮೆದುಳು ನಿಷ್ಕ್ರಿಯ’ ಎಂಬುದು. ನಿಷ್ಕ್ರಿಯ ಎಂದರೆ ಕೆಲಸ ನಿಲ್ಲಿಸಿದೆ ಎಂದಷ್ಟೇ ಅರ್ಥ. ನಿಂತ ಗಡಿಯಾರಕ್ಕೆ ಕೀಲಿ ಕೊಟ್ಟರೆ ನಡೆಯುವುದಿಲ್ಲವೆ? ಮನೆಯವರ ಮನಸ್ಸಿನಲ್ಲಿ ಆಸೆ ಹುಟ್ಟಲು ಆ ಒಂದು ಪದ ಸಾಕು. ‘ಮೆದುಳಿನ ಮರಣ’ ಎಂದು ನೇರವಾಗಿ ಬರೆದರೆ ಕೇಳುವುದಕ್ಕೆ ಕಠಿಣವಾದರೂ ಸತ್ಯವಾಗಿರುತ್ತದೆ. ನಮ್ಮ ಕನ್ನಡ ವಿಭಾಗದ ಅಧ್ಯಾಪಕರು ಈ ಪದದ ಬಗ್ಗೆ ತಮ್ಮ ಅಭಿಪ್ರಾಯ ತಿಳಿಸಿದರೆ ಸಂತೋಷಪಡುತ್ತೇನೆ.

ದಾನಿಯ ಮನೆಯವರು ಒಪ್ಪಿದ ಮೇಲೆ ಗಡಿಯಾರದ ಓಟ ಮೊದಲಾಗುತ್ತದೆ. ನಾಟಕ ಅತ್ಯಂತ ಚುರುಕಾಗುವುದು ಇಲ್ಲಿಯೇ, ಮತ್ತು ಇಲ್ಲಿ ಅದು ತೋರಿಸುವ ಅವಸರ ಸುಳ್ಳಲ್ಲ. ಹೃದಯವನ್ನು ಹೊರತೆಗೆದ ಮೇಲೆ ಮಂಜಿನ ಪೆಟ್ಟಿಗೆಯಲ್ಲಿ ಅದು ಸುಮಾರು ೪ ಗಂಟೆ ತಾಳುತ್ತದೆ. ಶ್ವಾಸಕೋಶ ಅದಕ್ಕಿಂತ ತುಸು ಹೆಚ್ಚು. ಯಕೃತ್ತು ಹೆಚ್ಚೆಂದರೆ ೧೨ ಗಂಟೆ. ಮೂತ್ರಪಿಂಡ ಒಂದು ಹಗಲು ಒಂದು ರಾತ್ರಿ ಕಾಯಬಲ್ಲದು. ಅದು ಅವಯವಗಳಲ್ಲಿ ಸಹನಶೀಲ. ಹೊರಗಿನ ಮಂಜು ಮಾತ್ರವಲ್ಲ, ಅವಯವದ ರಕ್ತನಾಳಗಳೊಳಗೂ ತಣ್ಣನೆಯ ಲವಣದ್ರವವನ್ನು ಹರಿಸಿ ತೊಳೆದಿರುತ್ತಾರೆ. ಬೆಂಗಳೂರಿನಲ್ಲಿ ಪೋಲೀಸರು ರಸ್ತೆಯ ದೀಪಗಳನ್ನೆಲ್ಲ ಹಸಿರಿಗೆ ತಿರುಗಿಸಿ ಆಂಬುಲೆನ್ಸಿಗೆ ದಾರಿ ಬಿಡಿಸುವುದು ಈ ನಾಲ್ಕು ಗಂಟೆಯ ಸಲುವಾಗಿ.

ಆದರೆ ನಾಟಕ ಸುಳ್ಳಾಗುವ ಸ್ಥಳಗಳೂ ಇವೆ. ಸುಳ್ಳು ಎನ್ನುವುದಕ್ಕಿಂತ ಬಿಟ್ಟುಬಿಡುವುದು ಎನ್ನೋಣ. ನಲವತ್ತು ಚಿಲ್ಲರೆ ನಿಮಿಷಗಳ ಕಂತಿನಲ್ಲಿ ಕಾಯುವುದನ್ನು ತೋರಿಸುವುದು ಹೇಗೆ? ಕಸಿಗಾಗಿ ಕಾಯುವವರ ಬದುಕಿನಲ್ಲಿ ಹೆಚ್ಚಿನ ಪಾಲು ಏನೂ ನಡೆಯದ ದಿನಗಳೇ. ಮಾವನವರು ನೀರನ್ನು ಲೋಟದಲ್ಲಿ ಅಳೆದು ಕುಡಿಯುತ್ತಾರೆ, ಬಾಳೆಹಣ್ಣು ಬೇಡವೆನ್ನುತ್ತಾರೆ, ಸ್ನಾನಕ್ಕೆ ಹೋಗುವಾಗಲೂ ಫೋನನ್ನು ಬಾಗಿಲ ಹೊರಗೆ ಕುರ್ಚಿಯ ಮೇಲಿಟ್ಟು ಹೋಗುತ್ತಾರೆ. ಇದರಲ್ಲಿ ಯಾವ ಕಂತು ಹುಟ್ಟೀತು?

ಕಸಿಯಾದ ಮೇಲಿನ ಕಥೆಯೂ ಹಾಗೆಯೇ. ತೆರೆಯ ಮೇಲೆ ಹೊಸ ಹೃದಯ ಬಡಿಯತೊಡಗಿದೊಡನೆ ವಾದ್ಯಗಳು ಏಳುತ್ತವೆ, ಕಥೆ ಮುಗಿಯುತ್ತದೆ. ವಾಸ್ತವದಲ್ಲಿ ಆ ಗಳಿಗೆಯಿಂದಲೇ ದೇಹ ಹೊಸಬನನ್ನು ಹೊರದೂಡಲು ಸನ್ನಾಹ ನಡೆಸುತ್ತದೆ. ಬೋಸ್ಟನ್ನಿನಲ್ಲಿ ೧೯೫೪ರ ಡಿಸೆಂಬರ್ ೨೩ರಂದು ಜೋಸೆಫ್ ಮರ್ರೆ ನಡೆಸಿದ ಮೂತ್ರಪಿಂಡದ ಕಸಿ ಗೆದ್ದದ್ದು ಕೊಟ್ಟವನೂ ಪಡೆದವನೂ ತದ್ರೂಪಿ ಅವಳಿಗಳಾಗಿದ್ದರಿಂದ. ದೇಹಕ್ಕೆ ಪರಕೀಯವೆಂದು ತಿಳಿಯಲಿಲ್ಲ. ೧೯೬೭ರ ಡಿಸೆಂಬರ್ ೩ರಂದು ಕೇಪ್‌ಟೌನಿನಲ್ಲಿ ಕ್ರಿಶ್ಚಿಯನ್ ಬರ್ನಾರ್ಡ್ ಕಸಿ ಮಾಡಿದ ಪ್ರಥಮ ಮಾನವ ಹೃದಯ ೧೮ ದಿನ ಬಡಿಯಿತು. ದೇಹದ ಪ್ರತಿಭಟನೆಯನ್ನು ಅಡಗಿಸಲು ಕೊಟ್ಟ ಔಷಧಗಳಿಂದ ರೋಗನಿರೋಧಕ ಶಕ್ತಿಯೇ ಕುಗ್ಗಿ, ರೋಗಿ ನ್ಯುಮೋನಿಯಕ್ಕೆ ತುತ್ತಾದ. ೧೯೬೮ರ ಫೆಬ್ರವರಿಯಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಡಾಕ್ಟರ್ ಪಿ. ಕೆ. ಸೆನ್ ಅವರು ಇದೇ ಶಸ್ತ್ರಕ್ರಿಯೆ ಮಾಡಿದಾಗ ರೋಗಿ ಕೆಲವೇ ಗಂಟೆ ಬದುಕಿದ್ದ.

ಈ ಪರಿಸ್ಥಿತಿಯನ್ನು ಬದಲಿಸಿದ್ದು ಕತ್ತರಿಯಲ್ಲ, ಮಣ್ಣು. ನಾರ್ವೆ ದೇಶದ ಹಾರ್ಡಾಂಗರ್ ಪ್ರಸ್ಥಭೂಮಿಯಿಂದ ಸ್ವಿಟ್ಜರ್ಲೆಂಡಿನ ಸ್ಯಾಂಡೋಜ್ ಔಷಧ ಸಂಸ್ಥೆಗೆ ಬಂದ ಹಿಡಿ ಮಣ್ಣಿನಲ್ಲಿದ್ದ ಒಂದು ಬೂಷ್ಟಿನಿಂದ ಸೈಕ್ಲೊಸ್ಪೋರಿನ್ ದೊರೆಯಿತು. ಅಮೆರಿಕದಲ್ಲಿ ೧೯೮೩ರಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ಇನ್ನೊಂದು ಔಷಧ ಟ್ಯಾಕ್ರೊಲಿಮಸ್. ಅದು ಜಪಾನಿನ ತ್ಸುಕುಬಾ ಕಡೆಯ ಮಣ್ಣಿನದು. ಅದನ್ನು ೧೯೮೯ರಲ್ಲಿ ಮನುಷ್ಯರಿಗೆ ಮೊದಲು ಕೊಟ್ಟು ನೋಡಿದ್ದು ಇದೇ ಪಿಟ್ಸ್‌ಬರ್ಗಿನಲ್ಲಿ, ಸ್ಟಾರ್ಜಲ್ ಅವರ ತಂಡ. ಕಸಿ ಮಾಡಿಸಿಕೊಂಡವರು ಇಂಥ ಗುಳಿಗೆಗಳನ್ನು ಸಾಮಾನ್ಯವಾಗಿ ಬದುಕಿರುವವರೆಗೂ ಹೊತ್ತುಹೊತ್ತಿಗೆ ನುಂಗಬೇಕು. ಊರು ಅದೇ, ವಿದ್ಯೆ ಅದೇ. ಆದರೂ ಮೂರು ನದಿಗಳಿಗೆ ನಾಲ್ಕನೆಯ ಎಳೆಯಾಗಬಹುದಾಗಿದ್ದ ಈ ಮಣ್ಣಿನ ಕಥೆಗೆ ನಾಟಕದಲ್ಲಿ ತಕ್ಕ ಎಡೆಯಿಲ್ಲ.

ಮನೋರಂಜನೆಗಾಗಿ ಮಾಡಿದ ನಾಟಕದ ಮೇಲೆ ಇಷ್ಟು ಲೆಕ್ಕ ಹಿಡಿಯಬೇಕೆ ಎಂದರೆ, ಹಿಡಿಯಬೇಕು. ೧೯೮೦ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಬಿಬಿಸಿ ತನ್ನ ‘ಪ್ಯಾನೊರಮ’ ಕಾರ್ಯಕ್ರಮದಲ್ಲಿ, ದಾನಿಗಳು ನಿಜವಾಗಿಯೂ ಸತ್ತಿರುತ್ತಾರೆಯೆ ಎಂಬ ಪ್ರಶ್ನೆಯನ್ನೆತ್ತಿತು. ಅದಕ್ಕೆ ನಿದರ್ಶನವಾಗಿ ತೋರಿಸಿದ್ದು ಸತ್ತರೆಂದು ಹೇಳಿಸಿಕೊಂಡು ಬದುಕಿ ಬಂದ ಅಮೆರಿಕದ ರೋಗಿಗಳನ್ನು. ಬ್ರಿಟನ್ನಿನ ಪರೀಕ್ಷಾ ಕ್ರಮವನ್ನು ಅನುಸರಿಸಿದ್ದರೆ ಅವರಾರೂ ಮೃತರೆನಿಸುತ್ತಿರಲಿಲ್ಲವೆಂದು ಅಲ್ಲಿನ ವೈದ್ಯರು ಪ್ರತಿಭಟಿಸಿದರು. ಆದರೂ ಆ ದೇಶದಲ್ಲಿ ಮೂತ್ರಪಿಂಡದ ದಾನ ತಿಂಗಳುಗಟ್ಟಲೆ ಇಳಿಮುಖವಾಯಿತು. ಒಂದು ಸಂಜೆಯ ಕಾರ್ಯಕ್ರಮ! ಕಥೆಗಳಿಗೂ ಈ ಶಕ್ತಿಯಿದೆ. ‘ಹೌಸ್’, ‘ಗ್ರೇಸ್ ಅನಾಟಮಿ’ ಮೊದಲಾದ ಧಾರಾವಾಹಿಗಳಲ್ಲಿ ಬಂದ ಕಸಿಯ ಪ್ರಸಂಗಗಳನ್ನು ನೋಡಿದವರನ್ನು ಕುರಿತು ಅಮೆರಿಕದ ಸಂವಹನಶಾಸ್ತ್ರಜ್ಞರು ೨೦೦೯ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಕಥೆಯಲ್ಲಿ ಮನಸ್ಸಿಟ್ಟು ಮುಳುಗಿದವರು ಅದರಲ್ಲಿದ್ದುದನ್ನು, ಸರಿಯೋ ತಪ್ಪೋ, ತಿಳಿವಳಿಕೆಯಾಗಿ ಹೊತ್ತುಕೊಂಡು ಹೋಗುತ್ತಾರೆಂದು ಅದು ಕಂಡುಕೊಂಡಿತು. ಹೀಗಿರುವಾಗ, ದಾನಿಯನ್ನು ಒಬ್ಬ ಮನುಷ್ಯನೆಂದು ತೋರಿಸಿದ ‘ತ್ರೀ ರಿವರ್ಸ್’ ಬಗ್ಗೆ ನನಗೆ ಗೌರವವಿದೆ. ಅವಯವಗಳನ್ನು ಕದಿಯುವ ಖಳರ ಕಥೆಗಳನ್ನೇ ನೋಡಿ ಬೆಳೆದ ಪ್ರೇಕ್ಷಕರಿಗೆ ಇದು ಬೇರೆ ಮುಖವನ್ನು ತೋರಿಸಿತು.

ಹಾಗಾದರೆ ಬಿದ್ದುಹೋದದ್ದೇಕೆ? ಮೇಲುನೋಟದ ಕಾರಣಗಳು ಬೇಕಾದಷ್ಟಿವೆ. ಭಾನುವಾರ ರಾತ್ರಿ ಒಂಬತ್ತಕ್ಕೆ ಎದುರು ವಾಹಿನಿಗಳಲ್ಲಿ ಒಂದೆಡೆ ಅಮೆರಿಕನ್ನರ ಪ್ರಾಣಪ್ರಿಯವಾದ ಫುಟ್‌ಬಾಲ್, ಇನ್ನೊಂದೆಡೆ ‘ಡೆಸ್ಪರೇಟ್ ಹೌಸ್‌ವೈವ್ಸ್’. ಅದೇ ವರ್ಷ ಎನ್‌ಬಿಸಿ ಸಂಸ್ಥೆ ‘ಟ್ರಾಮಾ’, ‘ಮರ್ಸಿ’ ಎಂಬ ಎರಡು ವೈದ್ಯಕೀಯ ಧಾರಾವಾಹಿಗಳನ್ನು ತಂದಿತು. ಅವೂ ಒಂದೇ ವರ್ಷಕ್ಕೆ ಮುಗಿದವು. ಜನಕ್ಕೆ ಆಸ್ಪತ್ರೆ ಸಾಕಾಗಿತ್ತೆಂದು ಹೇಳಬಹುದು. ನನಗೆ ಅಷ್ಟರಿಂದ ಸಮಾಧಾನವಿಲ್ಲ.

ಐದನೆಯದೋ ಆರನೆಯದೋ ಕಂತು ನೋಡುತ್ತಿದ್ದಾಗ, ಹೊಸದೊಂದು ಮುಖ ತೆರೆಯ ಮೇಲೆ ನಗುತ್ತಾ ಬಂದೊಡನೆ ಅಜ್ಜಿ, “ಇವತ್ತು ಸಾಯೋದು ಇವನೇನೋ?” ಎಂದರು. ಅವರ ಊಹೆ ಸರಿಯಾಗಿತ್ತು. ಇನ್ನೊಮ್ಮೆ ತಡೆದು ತಡೆದು ಹೇಳಿದರು: “ನನ್ನ ಮಗನಿಗೆ ಸಿಗಬೇಕು ಅಂದ್ರೆ ಹಿಂಗೇ ಇನ್ನೊಬ್ಬಳ ಮಗ ಹೋಗಬೇಕಲ್ಲಪ್ಪ. ಸಿಗಲಿ ಅಂತ ದೇವರ ಹತ್ರ ಹ್ಯಾಗೆ ಕೇಳ್ಲಿ?” ಅಂದಿನಿಂದ ಅವರು ನೋಡುವುದನ್ನು ಬಿಟ್ಟರು. ನಾಟಕ ಕೆಟ್ಟದ್ದೆಂದಲ್ಲ, ಚೆನ್ನಾಗಿ ತಾಗಿದ್ದರಿಂದಲೇ. ಒಮ್ಮೆಯಾದರೆ ಮನಸ್ಸು ಅದನ್ನು ತಾಳಿಕೊಳ್ಳುತ್ತದೆ. ಮಲೆಯಾಳದ ‘ಟ್ರಾಫಿಕ್’ (೨೦೧೧) ಎಂಬ ಚಿತ್ರವನ್ನು ನೋಡಿ. ಒಂದು ಹೃದಯ, ಒಂದು ಪ್ರಯಾಣ, ಎರಡು ಗಂಟೆಯ ಕಥೆ. ೨೦೦೮ರಲ್ಲಿ ಚೆನ್ನೈಯಲ್ಲಿ ನಡೆದ ಘಟನೆಯಿಂದ ಪ್ರೇರಿತವಾದ ಆ ಚಿತ್ರವನ್ನು ತಮಿಳಿಗೂ ಹಿಂದಿಗೂ ತಂದರು. ನಮ್ಮ ರವಿಚಂದ್ರನ್ ೨೦೧೪ರಲ್ಲಿ ‘ಕ್ರೇಜಿ ಸ್ಟಾರ್’ ಎಂದು ಕನ್ನಡಕ್ಕೂ ತಂದರು. ಅಲ್ಲಿ ಸಾವು ಒಂದೇ ಸಲ ಬರುತ್ತದೆ, ಪ್ರೇಕ್ಷಕ ಅತ್ತು ಮನೆಗೆ ಹೋಗುತ್ತಾನೆ. ವಾರದ ಧಾರಾವಾಹಿಗೆ ಆ ಅನುಕೂಲವಿಲ್ಲ. ಬೇರೆ ಆಸ್ಪತ್ರೆಯ ನಾಟಕಗಳಲ್ಲಿ ವೈದ್ಯ ಜಾಣನಾದರೆ ಎಲ್ಲರನ್ನೂ ಉಳಿಸಬಹುದು. ಇಲ್ಲಿ ಅವನು ಎಷ್ಟೇ ಜಾಣನಾಗಲಿ, ಪ್ರತಿ ಭಾನುವಾರ ಒಂಬತ್ತು ಗಂಟೆಗೆ ಯಾರಾದರೊಬ್ಬರು ಸಾಯಲೇಬೇಕು. ದಾನಿಯನ್ನು ಮರೆಮಾಚಿದ್ದರೆ ನಾಟಕ ಇನ್ನಷ್ಟು ದಿನ ನಡೆಯುತ್ತಿತ್ತೇನೋ; ಆದರೆ ಆಗ ಅದರಲ್ಲಿ ನೋಡತಕ್ಕದ್ದೇನೂ ಉಳಿಯುತ್ತಿರಲಿಲ್ಲ.

ಎನ್‌ಬಿಸಿಯವರು ೨೦೧೬ರಲ್ಲಿ ‘ಹಾರ್ಟ್‌ಬೀಟ್’ ಎಂಬ ಹೆಸರಿನಿಂದ ಇದೇ ಜಾಡಿನಲ್ಲಿ ಮತ್ತೊಮ್ಮೆ ಯತ್ನಿಸಿದರು. ಕ್ಯಾಥಿ ಮ್ಯಾಗ್ಲಿಯಾಟೊ ಎಂಬ ಹೃದಯ ಶಸ್ತ್ರವೈದ್ಯೆಯ ಅನುಭವಕಥನ ಅದಕ್ಕೆ ಆಧಾರ. ಅಲ್ಲಿ ಕಥಾನಾಯಕಿಯ ಸಂಸಾರದ ತಾಪತ್ರಯಗಳಿಗೆ ಹೆಚ್ಚು ಪ್ರಾಧಾನ್ಯ. ಅದು ಹತ್ತೇ ಕಂತಿಗೆ ನಿಂತಿತು. ‘ತ್ರೀ ರಿವರ್ಸ್’ ನಾಯಕ ಓಲಾಫ್ಲಿನ್ ೨೦೧೦ರ ಸೆಪ್ಟೆಂಬರ್‌ನಲ್ಲಿ ‘ಹವಾಯಿ ಫೈವ್-ಓ’ ಎಂಬ ಪೋಲೀಸ್ ಧಾರಾವಾಹಿಗೆ ಹೋದ. ಹಿಡಿದ ಕಳ್ಳನನ್ನು ವಾರ ವಾರ ಮತ್ತೆ ಹಿಡಿಯಬಹುದಾದ್ದರಿಂದ ಅದು ೨೦೨೦ರ ತನಕ ನಡೆಯಿತು.